ಗಡಿನಾಡಿನ ಕೊರ್ರಿದೋ ಹಾಡಿನ ಮೇಲೆ ಪ್ರಬಂಧ ಬರೆಯುವುದು ಹೇಗೆ

ಟೆಕ್ಸಸ್–ಮೆಕ್ಸಿಕೋ ಗಡಿಯ ಕಥನಗೀತೆಗೆ ಕೊರ್ರಿದೋ ಎನ್ನುತ್ತಾರೆ. ಚಿಕಾನೋ ಅಧ್ಯಯನಕ್ಕೆ, ಅಂದರೆ ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದವರ ಅಧ್ಯಯನಕ್ಕೆ, ಸೇರಿದವರು ಗ್ರೆಗೋರಿಯೋ ಕೊರ್ತೇಸ್ ಹಾಡಿನಿಂದ ಶುರು ಮಾಡುವುದು ಒಳ್ಳೆಯದು. ಶೆರಿಫನನ್ನು ಕೊಂದು ತಲೆತಪ್ಪಿಸಿಕೊಂಡ ಮೆಕ್ಸಿಕನ್ ಮೂಲದವನೊಬ್ಬನ ಕಥೆ ಅದು. ಹಾಡಿನ ಹಲವು ಪಾಠಗಳು ಸಿಗುತ್ತವೆ, ಮೊಕದ್ದಮೆಯ ದಾಖಲೆಯಿದೆ, ಜಾನಪದ ವಿದ್ವಾಂಸ ಅಮೇರಿಕೋ ಪರೇದೆಸ್ 1958ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಪರೇದೆಸ್ ಅವರನ್ನು ಕೊನೆಗೆ ಓದಿ. ಮೊದಲೇ ಓದಿದರೆ ಹಾಡನ್ನು ಅವರ ಕಿವಿಯಿಂದಲೇ ಕೇಳುತ್ತೀರಿ.

ಪೆದ್ರೋ ರೋಚಾ ಮತ್ತು ಲೂಪೆ ಮಾರ್ತೀನೆಸ್ 1929ರಲ್ಲಿ ಹಾಡಿದ ಧ್ವನಿಮುದ್ರಣವನ್ನು ಹುಡುಕಿ. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ಮೂರು ನಿಮಿಷದಷ್ಟು ಮಾತ್ರ. ಹಾಗಾಗಿ ಹಾಡು ಎರಡು ಭಾಗವಾಗಿದೆ. ಒಂದೇ ಭಾಗ ಕೇಳಿದರೆ ಹಾಡುಗಾರ ಕೇಳುಗರಿಂದ ಬೀಳ್ಕೊಳ್ಳುವ ಕೊನೆಯ ನುಡಿ, ದೆಸ್ಪೆದೀದಾ, ಕೈತಪ್ಪುತ್ತದೆ.

ಆಮೇಲೆ ಸಾಲು ಎಣಿಸಿ. ನಾಲ್ಕು ಸಾಲಿನ ನುಡಿ, ಸಾಲಿಗೆ ಸುಮಾರು ಎಂಟು ಉಚ್ಚಾರಾಂಶ, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಪ್ರಾಸ. ‘ಕೊನ್ ಸು ಪಿಸ್ತೋಲಾ ಎನ್ ಲಾ ಮಾನೋ’, ಅಂದರೆ ‘ಕೈಯಲ್ಲಿ ಪಿಸ್ತೂಲು ಹಿಡಿದು’, ಎಂಬ ಸಾಲನ್ನು ಬೆರಳು ಮಡಿಸಿ ಎಣಿಸಿದರೆ ಒಂಬತ್ತು ಬರುತ್ತದೆ. ಹಾಡುವಾಗ ‘ಪಿಸ್ತೋಲಾ’ದ ‘ಲಾ’ ಮತ್ತು ಅದರ ಮುಂದಿನ ‘ಎನ್’ ಒಂದೇ ಉಸಿರಿನಲ್ಲಿ ಕೂಡಿ ಎಂಟಾಗುತ್ತದೆ. ನಮ್ಮ ಲೋಪಸಂಧಿಯಂತೆ ಇಲ್ಲಿ ಸ್ವರ ಬಿದ್ದುಹೋಗುವುದಿಲ್ಲ, ಎರಡೂ ಕೇಳಿಸುತ್ತವೆ. ಸಾಲಿನ ಕೊನೆಯ ಉಚ್ಚಾರಾಂಶದ ಮೇಲೆ ಒತ್ತು ಬಿದ್ದರೆ (ಕೊರ್ತೇಸ್ ಎಂಬ ಹೆಸರೇ ಹಾಗಿದೆ) ಒಂದನ್ನು ಸೇರಿಸಿ ಎಣಿಸಬೇಕು. ಅಷ್ಟಾದರೂ ಲೆಕ್ಕ ತಪ್ಪುವ ಸಾಲುಗಳಿರುತ್ತವೆ. ಅವನ್ನು ತಿದ್ದಬೇಡಿ.

ಪದಗಳ ವಿಷಯದಲ್ಲಿ ಎಚ್ಚರ ಬೇಕು. ‘ರಿಂಚೆ’ ಹುಟ್ಟಿದ್ದು ರೇಂಜರ್ (ಟೆಕ್ಸಸ್‌ನ ಸಶಸ್ತ್ರ ಕಾವಲು ಪಡೆಯವ) ಎಂಬ ಪದದಿಂದ. ಆದರೆ ಗಡಿಯ ಜನ ಬೆನ್ನಟ್ಟಿ ಬಂದ ಯಾವುದೇ ಬಿಳಿಯ ಬಂದೂಕುಧಾರಿಯನ್ನು ಹಾಗೆ ಕರೆದರು. ಕೊರ್ತೇಸನನ್ನು ‘ಚಿಕಾನೋ’ ಎನ್ನಬೇಡಿ. ಆ ಹೆಸರನ್ನು ಯುವಜನ ರಾಜಕೀಯ ಹೆಮ್ಮೆಯಿಂದ ಹೊತ್ತದ್ದು 1960ರ ದಶಕದಲ್ಲಿ. ಹಾಡಿನಲ್ಲಿ ಅವನು ಮೆಹಿಕಾನೋ, ಅಂದರೆ ಮೆಕ್ಸಿಕನ್.

ಕೊನೆಗೆ ಹಾಡನ್ನೂ ದಾಖಲೆಯನ್ನೂ ಅಕ್ಕಪಕ್ಕ ಇಡಿ. 1901ರ ಜೂನ್ 12ರಂದು ಟೆಕ್ಸಸ್‌ನ ಕಾರ್ನೆಸ್ ಕೌಂಟಿಯ ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಮಾರಿಸ್ ಕುದುರೆಗಳ್ಳನನ್ನು ಹುಡುಕುತ್ತ ಕೊರ್ತೇಸನ ಮನೆಗೆ ಬಂದ. ‘ಕಬಾಯೋ’, ಅಂದರೆ ಗಂಡು ಕುದುರೆ, ವಿನಿಮಯ ಮಾಡಿಕೊಂಡೆಯಾ ಎಂದು ದುಭಾಷಿ ಕೇಳಿದ. ಇಲ್ಲ ಎಂದ ಕೊರ್ತೇಸ್. ಅದು ನಿಜ, ಅವನು ಪಡೆದದ್ದು ‘ಯೇಗ್ವಾ’, ಹೆಣ್ಣು ಕುದುರೆ. ಅವನು ಸುಳ್ಳು ಹೇಳಿದನೆಂದು ಬಂದವರು ಬಗೆದದ್ದೇ ಗುಂಡಿನ ಕಾಳಗಕ್ಕೆ ದಾರಿಯಾಯಿತು. ಕೊರ್ತೇಸನ ಸಹೋದರ ಗಾಯಗೊಂಡ, ಶೆರಿಫ್ ಸತ್ತ. ಕೊರ್ತೇಸ್ ಹತ್ತು ದಿನ ತಲೆತಪ್ಪಿಸಿಕೊಂಡು ಲರೇಡೋ ಬಳಿ ಸಿಕ್ಕಿಬಿದ್ದ. ಕ್ಷಮಾದಾನ ಸಿಕ್ಕಿದ್ದು 1913ರಲ್ಲಿ. ಬೆನ್ನಟ್ಟಿದವರ ಸಂಖ್ಯೆ ಒಂದೊಂದು ಪಾಠದಲ್ಲಿ ಒಂದೊಂದಾದರೆ ಅದನ್ನು ತಪ್ಪೆಂದು ಪಟ್ಟಿ ಮಾಡಬೇಡಿ, ಯಾರು ಯಾರಿಗಾಗಿ ಹಾಡಿದರೆಂದು ಕೇಳಿ.

ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವವರು ಕಬಾಯೋ, ಯೇಗ್ವಾ ಎರಡನ್ನೂ ಹಾಗೆಯೇ ಬರೆದುಕೊಳ್ಳಿ. ಎರಡಕ್ಕೂ ‘ಕುದುರೆ’ ಎಂದು ಹಾಕಿದರೆ ಕೊರ್ತೇಸ್ ಸುಳ್ಳುಗಾರನಾಗುತ್ತಾನೆ.