ಕಾಡಂಚಿನಲ್ಲಿ ಜಿಂಕೆ ಸತ್ತು ಬಿದ್ದಿದ್ದರೆ ಪರೀಕ್ಷೆ ಹೇಗೆ?

ಬೇಸಿಗೆಯಲ್ಲಿ ಬಂಡೀಪುರ, ನಾಗರಹೊಳೆ ಕಡೆಯ ಕೆರೆಗಳ ಹತ್ತಿರ ಸತ್ತ ಜಿಂಕೆಯೋ ಕಡವೆಯೋ ಕಣ್ಣಿಗೆ ಬೀಳುವುದುಂಟು. ಹೊಸ ಪಶುವೈದ್ಯರು ಬಂದವರೇ ಹೊಟ್ಟೆ ಸೀಳುತ್ತಾರೆ. ಎಷ್ಟೋ ಸಲ ನೋಡಿದ್ದೇನೆ, ಪ್ರತಿ ಸಲವೂ ಎದೆ ಝಲ್ಲೆಂದಿದೆ. ಸತ್ತದ್ದು ನೆರಡಿ ರೋಗದಿಂದ (ಆಂಥ್ರಾಕ್ಸ್) ಆಗಿದ್ದರೆ ಕೊಯ್ಯುವುದೇ ಅಪಾಯ.

ಊರಿನವರು ಮಾಡಬೇಕಾದ್ದು ಇಷ್ಟೇ: ಮುಟ್ಟಬೇಡಿ, ನಾಯಿ-ದನ ಬಿಡಬೇಡಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮಾಂಸ, ಕೊಂಬು ತೆಗೆದರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು.

ಇನ್ನು ವೈದ್ಯರ ಕೆಲಸ. ದೂರದಿಂದಲೇ ಒಂದು ಸುತ್ತು ಬನ್ನಿ. ಹೊಟ್ಟೆ ಉಬ್ಬಿದ ಮಾತ್ರಕ್ಕೆ ನೆರಡಿ ರೋಗ ಅನ್ನಬೇಡಿ, ಬಿಸಿಲಿಗೆ ಯಾವ ಹೆಣವೂ ಉಬ್ಬುತ್ತದೆ. ಮೂಗು, ಬಾಯಿ, ಗುದದ್ವಾರ ನೋಡಿ. ಡಾಂಬರಿನಂತೆ ಕಪ್ಪಾದ, ಹೆಪ್ಪುಗಟ್ಟದ ರಕ್ತ ಸುರಿದಿದೆಯೇ? ಕೋಲಿನಿಂದ ಕಾಲು ಎತ್ತಿ ನೋಡಿ. ಸತ್ತು ಕೆಲವು ಗಂಟೆ ಕಳೆದಿದ್ದರೂ ಮೈ ಸೆಟೆದುಕೊಂಡಿಲ್ಲವೇ? ಹಾಗಿದ್ದರೆ ಚಾಕು ಚೀಲದಲ್ಲೇ ಇರಲಿ. ಒಳಗಿನ ರೋಗಾಣು ಗಾಳಿ ತಾಗಿದರೆ ಗಟ್ಟಿ ಬೀಜಕವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ.

ರಕ್ತ ಸುರಿದಿಲ್ಲ ಅಂತ ಧೈರ್ಯ ಮಾಡಬೇಡಿ. ಮಾಸ್ಕ್ ಹಾಕಿ, ಎರಡು ಜೊತೆ ಗ್ಲೌಸ್ ತೊಡಿ. ಅಗ್ಗದ ತೆಳು ಗ್ಲೌಸ್ ಬೇಡವೇ ಬೇಡ, ಮುಳ್ಳು ತಾಗಿದರೆ ಹರಿಯುತ್ತದೆ. ಕಿವಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ, ಒಂದೇ ಹನಿ ಸ್ಲೈಡಿಗೆ ಸವರಿ ಒಣಗಿಸಿ. ಚುಚ್ಚಿದ ಜಾಗಕ್ಕೆ ಫಾರ್ಮಲಿನ್ ಹತ್ತಿ ಒತ್ತಿ. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗುಲಾಬಿ ಕವಚದೊಳಗೆ ನೀಲಿ ಕಡ್ಡಿಗಳು ಸಾಲಾಗಿ ಕಂಡರೆ ನೆರಡಿಯೇ. ಹೆಣ ಕೊಳೆತಿದ್ದರೆ ಈ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ಅನುಮಾನ ಉಳಿದರೆ ಕೊಯ್ಯದೇ ಇರುವುದೇ ಸರಿ.

ಸ್ಲೈಡಿನಲ್ಲಿ ಆ ಕಡ್ಡಿಗಳು ಕಾಣದಿದ್ದರೆ ಎಡಮಗ್ಗುಲಿಗೆ ಮಲಗಿಸಿ ಕೊಯ್ಯಿರಿ, ಮೇವಿನ ಚೀಲ ಅಡ್ಡ ಬರುವುದಿಲ್ಲ. ನಾಲಿಗೆ ಮತ್ತು ಗೊರಸಿನ ಸಂದಿಯಲ್ಲಿ ಹುಣ್ಣಿದ್ದರೆ ಕಾಲುಬಾಯಿ ಜ್ವರದ ಅನುಮಾನ. ಶ್ವಾಸಕೋಶದಲ್ಲಿ ಗಿಣ್ಣಿನಂಥ ಹಳದಿ ಗಂಟಿದ್ದರೆ ಕ್ಷಯ ಇರಬಹುದು. ಚರ್ಮದಡಿ ರಕ್ತ ಹೆಪ್ಪುಗಟ್ಟಿದ ಕಡಿತವಿದ್ದರೆ ಜೀವ ಇದ್ದಾಗಲೇ ನಾಯಿಯೋ ಬೇರೆ ಪ್ರಾಣಿಯೋ ಕಚ್ಚಿದೆ. ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಕ್ಕರೆ ಫೋಟೊ ತೆಗೆದು ವರದಿಗೆ ಸೇರಿಸಿ. ಗುಲ್ಮ (ಸ್ಪ್ಲೀನ್) ಊದಿ ಕಪ್ಪು ಜಾಮಿನಂತಿದ್ದರೆ ಅದೂ ನೆರಡಿಯ ಲಕ್ಷಣ, ಅಲ್ಲಿಗೇ ನಿಲ್ಲಿಸಿ.

ನೆರಡಿ ಆಗಿದ್ದರೆ ಇಡೀ ಹೆಣ ಬೂದಿಯಾಗುವವರೆಗೆ ಸುಡಬೇಕು. ಎರಡು ಟೈರು ಹಾಕಿ ಅರೆಬರೆ ಸುಟ್ಟು ಹೋಗುವುದು ದೊಡ್ಡ ಅನ್ಯಾಯ. ಫಿನಾಯಿಲ್ ಚಿಮುಕಿಸಿದರೆ ಬೀಜಕ ಸಾಯುವುದಿಲ್ಲ, ಮಣ್ಣಿಗೆ ಫಾರ್ಮಲಿನ್ನೇ ಬೇಕು. ಸುತ್ತ ಮುಳ್ಳುಬೇಲಿ ಹಾಕಿಸಿ, ಅಕ್ಕಪಕ್ಕದ ಊರಿನ ದನಗಳಿಗೆ ಲಸಿಕೆ ಹಾಕಿಸಿ. ಹೆಣ ಮುಟ್ಟಿದವರ ಹೆಸರು ಬರೆದುಕೊಂಡು ಆರೋಗ್ಯ ಕೇಂದ್ರಕ್ಕೆ ಕೊಡಿ.