ಗೆದ್ದದ್ದು ಒಂದು ಕಡೆ, ಸೋತದ್ದು ಇನ್ನೊಂದು ಕಡೆ: ಅಮೆರಿಕದ ಟ್ಯಾಕ್ಸ್ ರಿಟರ್ನ್‌ನಲ್ಲಿ ಜೂಜಿನ ಲೆಕ್ಕ

ವರ್ಷದಲ್ಲಿ 8,000 ಡಾಲರ್ ಗೆದ್ದು 9,500 ಡಾಲರ್ ಸೋತವರಿಗೆ ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಹಾಗಾಗಿ ರಿಟರ್ನ್‌ನಲ್ಲಿ ಬರೆಯುವುದೂ ಏನಿಲ್ಲ ಅಂದುಕೊಳ್ಳುತ್ತಾರೆ. ಅಮೆರಿಕದ ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಹಾಗೆ ನೋಡುವುದಿಲ್ಲ. ಗೆಲುವು ಪೂರ್ತಿ ಆದಾಯ. ಸೋಲು ಬೇರೆಯೇ ಜಾಗದಲ್ಲಿ, ಬೇರೆಯೇ ಷರತ್ತಿನ ಮೇಲೆ ಸಿಗುವ ಡಿಡಕ್ಷನ್, ಅಂದರೆ ಆದಾಯದಿಂದ ಕಳೆಯಲು ಬಿಡುವ ಮೊತ್ತ. ಎರಡನ್ನೂ ಕಳೆದು ನಿವ್ವಳ ಅಂಕಿ ಬರೆಯುವುದೇ ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು. ಇಲ್ಲಿ ಹೇಳುತ್ತಿರುವುದು ಜೂಜನ್ನೇ ಕಸುಬು ಮಾಡಿಕೊಳ್ಳದ, ಆಗೊಮ್ಮೆ ಈಗೊಮ್ಮೆ ಆಡುವವರ ವಿಷಯ. ಕಸುಬಿನವರು ವ್ಯಾಪಾರದ ಆದಾಯ ತೋರಿಸುವ ಶೆಡ್ಯೂಲ್ ಸಿ ತುಂಬುತ್ತಾರೆ, ಅವರ ದಾರಿ ಬೇರೆ.

ಮೊದಲು ಗೆಲುವು. ಸ್ಲಾಟ್ ಮಶೀನ್, ಲಾಟರಿ, ಕುದುರೆ ರೇಸ್, ಬಿಂಗೊ, ಸ್ಪೋರ್ಟ್ಸ್ ಬೆಟ್ಟಿಂಗ್ ಆ್ಯಪ್, ಗೆಳೆಯರ ಮನೆಯ ಪೋಕರ್ ಎಲ್ಲವೂ ಇದರಲ್ಲಿ ಸೇರುತ್ತವೆ. ಬಹುಮಾನವಾಗಿ ಕಾರು ಬಂದರೆ ಅದರ ಮಾರುಕಟ್ಟೆ ಬೆಲೆಯೇ ಗೆಲುವು. ಕ್ಯಾಸಿನೊದಿಂದ ಚೀಟಿ ಬಂದಿಲ್ಲ ಅಂದರೆ ಬರೆಯಬೇಕಿಲ್ಲ ಅನ್ನುವುದು ಸುಳ್ಳು. ಚೀಟಿ ಬರಲಿ ಬಿಡಲಿ, ಗೆಲುವು ತೆರಿಗೆಗೆ ಒಳಪಟ್ಟದ್ದೇ. ಗೆದ್ದ ಆ ಒಂದು ಬೆಟ್ಟಿಗೆ ಹಾಕಿದ ಹಣವನ್ನು ಮಾತ್ರ ಕಳೆಯಬಹುದು: 2 ಡಾಲರ್ ಟಿಕೆಟ್‌ಗೆ 500 ಬಂದರೆ ಗೆಲುವು 498. ಅದಕ್ಕೂ ಮುಂಚೆ ಸೋತ ಟಿಕೆಟ್‌ಗಳನ್ನು ಇದರಲ್ಲಿ ಸೇರಿಸುವಂತಿಲ್ಲ.

ವರ್ಷದ ಗೆಲುವಿನ ಮೊತ್ತ ಹೋಗುವುದು ಆದಾಯ ತೆರಿಗೆ ರಿಟರ್ನ್ ಆದ ಫಾರ್ಮ್ 1040ಕ್ಕೆ ಸೇರಿದ ಶೆಡ್ಯೂಲ್ 1ರ 8ಬಿ ಸಾಲಿಗೆ. ದೊಡ್ಡ ಗೆಲುವಾದಾಗ ಕೊಟ್ಟವರು ಡಬ್ಲ್ಯು-2ಜಿ ಅನ್ನುವ ಫಾರ್ಮ್ ಕೊಡುತ್ತಾರೆ, ಅದರ ಒಂದು ಪ್ರತಿ ಐಆರ್‌ಎಸ್‌ಗೂ ಹೋಗಿರುತ್ತದೆ. 2025ರವರೆಗೆ ಸ್ಲಾಟ್ ಮತ್ತು ಬಿಂಗೊಗೆ ಇದರ ಮಿತಿ 1,200 ಡಾಲರ್ ಇತ್ತು, 2026ರಿಂದ 2,000. ಆ ಫಾರ್ಮ್‌ನ 1ನೇ ಬಾಕ್ಸ್‌ನಲ್ಲಿ ಗೆದ್ದ ಮೊತ್ತ, 4ನೇ ಬಾಕ್ಸ್‌ನಲ್ಲಿ ಹಿಡಿದಿಟ್ಟ ಫೆಡರಲ್ ತೆರಿಗೆ ಇರುತ್ತದೆ. 4ನೇ ಬಾಕ್ಸ್‌ನ ಅಂಕಿಯನ್ನು 1040ರ 25ಸಿ ಸಾಲಿನಲ್ಲಿ ಹಾಕಲು ಮರೆತರೆ ಕಟ್ಟಿದ ತೆರಿಗೆಯನ್ನೇ ಇನ್ನೊಮ್ಮೆ ಕಟ್ಟಿದಂತೆ.

ಇಲ್ಲೊಂದು ವಿಷಯ ಹಲವರಿಗೆ ರಿಟರ್ನ್ ತುಂಬುವ ಏಪ್ರಿಲ್‌ನಲ್ಲಿ ಹೊಡೆತ ಕೊಡುತ್ತದೆ. ಬೆಟ್ ಕಳೆದು 5,000 ಡಾಲರ್ ಮೀರಿದ ಲಾಟರಿ ಗೆಲುವಿಗೆ 24% ತೆರಿಗೆ ಅಲ್ಲೇ ಹಿಡಿಯುತ್ತಾರೆ. ಸ್ಲಾಟ್, ಕೀನೊ, ಬಿಂಗೊಗಳಲ್ಲಿ ಸೋಶಿಯಲ್ ಸೆಕ್ಯೂರಿಟಿ ನಂಬರ್ ಕೊಟ್ಟವರಿಂದ ಸಾಮಾನ್ಯವಾಗಿ ಏನೂ ಹಿಡಿಯುವುದಿಲ್ಲ. ಜಾಕ್‌ಪಾಟ್ ಹೊಡೆದಾಗ ಸಹಿ ಹಾಕಿಸಿಕೊಂಡರು, ಹಾಗಾಗಿ ತೆರಿಗೆ ಕತ್ತರಿಸಿಯೇ ಕೊಟ್ಟಿದ್ದಾರೆ ಅಂತ ನಂಬಿ ಕೂರಬೇಡಿ, 4ನೇ ಬಾಕ್ಸ್ ನೋಡಿ. ಖಾಲಿ ಇದ್ದರೆ ಫಾರ್ಮ್ 1040-ಇಎಸ್ ಮೂಲಕ ತ್ರೈಮಾಸಿಕ ಕಂತು ಕಟ್ಟಬಹುದು. ಸಂಬಳದಾರರಿಗೆ ಇದಕ್ಕಿಂತ ಸಲೀಸಾದ ದಾರಿ ಇದೆ: ಸಂಬಳದಿಂದ ಎಷ್ಟು ತೆರಿಗೆ ಹಿಡಿಯಬೇಕೆಂದು ಆಫೀಸಿಗೆ ತಿಳಿಸುವ ಡಬ್ಲ್ಯು-4 ಫಾರ್ಮ್ ಬದಲಿಸಿ, ಅದರ 4(ಸಿ)ಯಲ್ಲಿ ಪ್ರತಿ ಸಂಬಳದಿಂದ ಹೆಚ್ಚುವರಿ ಮೊತ್ತ ಹಿಡಿಯಲು ಹೇಳುವುದು. ಸಂಬಳದಲ್ಲಿ ಹಿಡಿದದ್ದನ್ನು ವರ್ಷವಿಡೀ ಸಮನಾಗಿ ಕಟ್ಟಿದಂತೆ ಪರಿಗಣಿಸುವುದರಿಂದ ನವೆಂಬರ್‌ನಲ್ಲಿ ಎಚ್ಚೆತ್ತುಕೊಂಡರೂ ತೆರಿಗೆಯನ್ನು ಸಕಾಲಕ್ಕೆ ಕಟ್ಟದ ದಂಡದಿಂದ ಪಾರಾಗಬಹುದು.

ಸೋಲು ಎಲ್ಲಿ ಹೋಗುತ್ತದೆ

ಸೋಲಿನ ಜಾಗ ಶೆಡ್ಯೂಲ್ ಎ, 2025ರ ಫಾರ್ಮ್‌ನಲ್ಲಿ 16ನೇ ಸಾಲು. ಅಂದರೆ ಎಲ್ಲರಿಗೂ ನಿಗದಿಯಾದ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಐಟಮೈಸ್ ಮಾಡುವವರಿಗೆ, ಅಂದರೆ ಒಂದೊಂದು ಖರ್ಚನ್ನೂ ಪಟ್ಟಿ ಮಾಡಿ ಕಳೆಯುವವರಿಗೆ ಮಾತ್ರ. ಅದೂ ಗೆದ್ದ ಮೊತ್ತದವರೆಗೆ ಮಾತ್ರ. ಮಿಕ್ಕ ಸೋಲನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಹೋಟೆಲ್, ವಿಮಾನ, ಊಟದ ಖರ್ಚನ್ನು ಹವ್ಯಾಸಿಗಳು ಇದರಲ್ಲಿ ತುರುಕುವಂತಿಲ್ಲ.

ಮೇಲಿನ 8,000–9,500ರ ಲೆಕ್ಕವನ್ನೇ ಮುಂದುವರಿಸೋಣ. 2025ರಲ್ಲಿ ಒಂಟಿಯಾಗಿ ಫೈಲ್ ಮಾಡುವವರ ಸ್ಟ್ಯಾಂಡರ್ಡ್ ಡಿಡಕ್ಷನ್ 15,750 ಡಾಲರ್. ಅವರಿಗೆ ರಾಜ್ಯ ತೆರಿಗೆ, ದಾನ ಇತ್ಯಾದಿ ಸೇರಿ 5,000 ಇದೆ ಅಂದುಕೊಳ್ಳಿ. ಸೋಲಿನ 8,000 ಸೇರಿಸಿದರೂ 13,000, ಸ್ಟ್ಯಾಂಡರ್ಡ್‌ಗಿಂತ ಕಡಿಮೆ. ಸೋಲಿನಿಂದ ಚಿಕ್ಕಾಸಿನ ಉಪಯೋಗವೂ ಇಲ್ಲ. 22% ಸ್ಲ್ಯಾಬ್‌ನಲ್ಲಿದ್ದರೆ ಗೆಲುವಿನ ಮೇಲೆ 1,760 ಡಾಲರ್ ತೆರಿಗೆ ಕಟ್ಟಲೇಬೇಕು. ಮನೆ ಸಾಲದ ಬಡ್ಡಿಯೆಲ್ಲ ಸೇರಿ 14,000 ಇರುವವರಿಗೆ ಮೊತ್ತ 22,000 ಆಗುತ್ತದೆ. ಅವರಿಗೂ ಸ್ಟ್ಯಾಂಡರ್ಡ್‌ಗಿಂತ ಹೆಚ್ಚಾದ 6,250ರಷ್ಟು ಮಾತ್ರ ನಿಜವಾದ ಲಾಭ. ಇನ್ನೊಂದು ಕಡೆ, 8ಬಿಯಲ್ಲಿ ಬರೆದ ಗೆಲುವು ಎಜಿಐಯನ್ನು (ಈ ಡಿಡಕ್ಷನ್‌ಗಳಿಗೆ ಮುಂಚಿನ ಆದಾಯದ ಅಂಕಿ) ಏರಿಸುತ್ತದೆ, ಶೆಡ್ಯೂಲ್ ಎ ಅದನ್ನು ಇಳಿಸುವುದಿಲ್ಲ. ಆದಾಯ ನೋಡಿ ಸರ್ಕಾರ ಕೊಡುವ ಮಾರ್ಕೆಟ್‌ಪ್ಲೇಸ್ ಆರೋಗ್ಯ ವಿಮೆಯ ಸಬ್ಸಿಡಿ ಪಡೆಯುವವರು, ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿರುವ ಹಿರಿಯರು ಇದರ ಬಿಸಿ ಅನುಭವಿಸುವುದುಂಟು. ಗಂಡ ಹೆಂಡತಿ ಜಂಟಿಯಾಗಿ ಫೈಲ್ ಮಾಡಿದರೆ ಒಬ್ಬರ ಸೋಲನ್ನು ಇನ್ನೊಬ್ಬರ ಗೆಲುವಿನ ಎದುರು ಇಡಬಹುದು.

2026ರಿಂದ ನಿಯಮ ಇನ್ನಷ್ಟು ಬಿಗಿ. ಸೋಲಿನ 90% ಮಾತ್ರ ಲೆಕ್ಕಕ್ಕೆ, ಗೆಲುವಿನ ಮಿತಿಯೂ ಹಾಗೇ ಇದೆ. 10,000 ಗೆದ್ದು 10,000 ಸೋತವರು 9,000 ಕಳೆಯಬಹುದು. ಬಾರದ 1,000 ಡಾಲರ್‌ಗೆ ತೆರಿಗೆ. ಆದರೆ 12,000 ಸೋತವರ 90% ಅಂದರೆ 10,800, ಅದು ಗೆಲುವಿಗಿಂತ ಹೆಚ್ಚಾದ್ದರಿಂದ ಪೂರ್ತಿ 10,000 ಕಳೆಯಬಹುದು. ಸರಿಸಮವಾಗಿ ಆಡಿದವರಿಗಿಂತ ಹೆಚ್ಚು ಸೋತವರಿಗೆ ತೆರಿಗೆ ಕಡಿಮೆ. ವಿಚಿತ್ರ ಅನ್ನಿಸಿದರೂ ಕಾನೂನು ಹಾಗಿದೆ.

ಸೆಷನ್ ಮತ್ತು ಡೈರಿ

ಸ್ಲಾಟ್‌ನಲ್ಲಿ ಬಟನ್ ಒತ್ತಿದ ಪ್ರತಿಸಲವನ್ನೂ ಬರೆದಿಡುವುದು ಆಗದ ಮಾತು. ಅದಕ್ಕೇ ಸೆಷನ್ ಅನ್ನುವ ಲೆಕ್ಕ ಬಳಕೆಯಲ್ಲಿದೆ. 2015ರಲ್ಲಿ ಐಆರ್‌ಎಸ್ ಪ್ರಸ್ತಾಪವಾಗಿ ಹೊರಡಿಸಿದ ನೋಟೀಸ್ 2015-21ರ ಪ್ರಕಾರ, ಒಂದೇ ದಿನ, ಒಂದೇ ಜಾಗದಲ್ಲಿ, ಒಂದೇ ಬಗೆಯ ಆಟ ಒಂದು ಸೆಷನ್. 300 ಡಾಲರ್ ಹಾಕಿ ಶುರುಮಾಡಿ, ನಡುವೆ 2,500ರ ಜಾಕ್‌ಪಾಟ್ ಬಂದು, ಅದನ್ನೂ ಆಡಿ ಕೊನೆಗೆ 700 ಹಿಡಿದು ಎದ್ದರೆ ಆ ಸೆಷನ್‌ನ ಗೆಲುವು 400. ತೊಡಕು ಇರುವುದು ಡಬ್ಲ್ಯು-2ಜಿಯಲ್ಲಿ: ಅದರಲ್ಲಿ 2,500 ಎಂದೇ ಇರುತ್ತದೆ. 8ಬಿ ಸಾಲಿನ ಅಂಕಿ ಡಬ್ಲ್ಯು-2ಜಿಗಳ ಮೊತ್ತಕ್ಕಿಂತ ಕಡಿಮೆಯಾದರೆ ಐಆರ್‌ಎಸ್‌ನ ಕಂಪ್ಯೂಟರ್ ವ್ಯತ್ಯಾಸ ಹಿಡಿದು ಸಿಪಿ2000 ಅನ್ನುವ, ತೆರಿಗೆ ಬದಲಾವಣೆ ಸೂಚಿಸುವ ನೋಟೀಸ್ ಕಳಿಸುವ ಸಾಧ್ಯತೆ ಹೆಚ್ಚು. ಸೆಷನ್ ಲೆಕ್ಕ ಬಳಸುವವರು ಪ್ರತಿ ಸೆಷನ್‌ನ ವಿವರ ಪತ್ರವನ್ನು ರಿಟರ್ನ್ ಜೊತೆ ಲಗತ್ತಿಸಲಿ. ಡೈರಿ ಗಟ್ಟಿ ಇಲ್ಲದವರು ಈ ದಾರಿ ಹಿಡಿಯದಿರುವುದೇ ಲೇಸು.

ಡೈರಿಯನ್ನು ಆಡಿದ ದಿನವೇ ಬರೆಯಬೇಕು. ದಿನಾಂಕ, ಆಟದ ಬಗೆ, ಜಾಗದ ಹೆಸರು ಮತ್ತು ವಿಳಾಸ, ಜೊತೆಗಿದ್ದವರ ಹೆಸರು, ಗೆದ್ದ ಅಥವಾ ಸೋತ ಮೊತ್ತ ಇಷ್ಟನ್ನು ಐಆರ್‌ಎಸ್ ಕೇಳುತ್ತದೆ. ಸ್ಲಾಟ್ ಆದರೆ ಮಶೀನ್ ನಂಬರ್, ಟೇಬಲ್ ಆಟವಾದರೆ ಟೇಬಲ್ ನಂಬರ್ ಸೇರಿಸಿ. ಒಂದು ಸಾಲು ಹೀಗಿರಲಿ: 'ಮಾರ್ಚ್ 14, ಸ್ಲಾಟ್, ಮಶೀನ್ 4417, ರಾತ್ರಿ 7ರಿಂದ 9.30, ಹಾಕಿದ್ದು 200, ಎದ್ದಾಗ 60, ಸೋಲು 140'. ಸೋತ ಟಿಕೆಟ್, ಎಟಿಎಂ ರಸೀದಿ, ಆ್ಯಪ್‌ನ ವಹಿವಾಟು ಪಟ್ಟಿಯನ್ನು ಅದರ ಜೊತೆಗಿಡಿ. ಪ್ಲೇಯರ್ಸ್ ಕಾರ್ಡ್ ಇದ್ದವರಿಗೆ ಕ್ಯಾಸಿನೊ ವರ್ಷದ ಕೊನೆಗೆ ವಿನ್-ಲಾಸ್ ಸ್ಟೇಟ್‌ಮೆಂಟ್ ಕೊಡುತ್ತದೆ. ಅದು ಕ್ಯಾಸಿನೊ ಮಾಡಿದ ಅಂದಾಜು. ಕಾರ್ಡ್ ಹಾಕದೆ ಆಡಿದ್ದು ಅದರಲ್ಲಿ ಬರುವುದೇ ಇಲ್ಲ. ಡೈರಿಗೆ ಬೆಂಬಲವಾಗಿ ಇರಲಿ, ಅದೊಂದನ್ನೇ ನಂಬಿದರೆ ಆಡಿಟ್‌ನಲ್ಲಿ ನಿಲ್ಲುವುದು ಕಷ್ಟ. ನಾಲ್ಕು ಜನ ದುಡ್ಡು ಹಾಕಿ ಕೊಂಡ ಲಾಟರಿ ಹೊಡೆದರೆ ಹಣ ಪಡೆಯುವಾಗಲೇ ಯಾರ ಪಾಲು ಎಷ್ಟೆಂದು ತಿಳಿಸುವ ಫಾರ್ಮ್ 5754 ತುಂಬಿ ಕೊಡಿ, ಇಲ್ಲದಿದ್ದರೆ ಇಡೀ ಮೊತ್ತ ಒಬ್ಬರ ತಲೆಗೆ ಬರುತ್ತದೆ.

ರಾಜ್ಯದ ರಿಟರ್ನ್ ಬೇರೆಯೇ ಕಥೆ. ನೆವಾಡಾದಲ್ಲಿ ಆದಾಯ ತೆರಿಗೆ ಇಲ್ಲ. ಹಾಗಂತ ಅಲ್ಲಿ ಗೆದ್ದ ಕ್ಯಾಲಿಫೋರ್ನಿಯಾ ನಿವಾಸಿ ತನ್ನ ರಾಜ್ಯಕ್ಕೆ ತೆರಿಗೆ ತಪ್ಪಿಸಿಕೊಳ್ಳಲಾಗದು. ಕ್ಯಾಲಿಫೋರ್ನಿಯಾ ಲಾಟರಿಯ ಗೆಲುವಿಗೆ ಮಾತ್ರ ಆ ರಾಜ್ಯದ ತೆರಿಗೆ ಇಲ್ಲ. ನ್ಯೂಜೆರ್ಸಿ ವರ್ಷದ ಗೆಲುವಿನಲ್ಲಿ ಸೋಲು ಕಳೆಯಲು ಬಿಡುತ್ತದೆ, ಇಲಿನಾಯ್ ಹವ್ಯಾಸಿಗಳಿಗೆ ಬಿಡುವುದಿಲ್ಲ.

ಎಫ್-1 ವೀಸಾದ ವಿದ್ಯಾರ್ಥಿಗಳು ಇದೆಲ್ಲ ತಮಗೂ ಅನ್ವಯಿಸುತ್ತದೆ ಅಂದುಕೊಳ್ಳಬಾರದು. ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅವರು ತೆರಿಗೆಯ ಮಟ್ಟಿಗೆ ನಾನ್‌ರೆಸಿಡೆಂಟ್, ಅಂದರೆ ಅಲ್ಲಿನ ನಿವಾಸಿ ಅಲ್ಲದವರು. ಅವರ ಗೆಲುವು ಹೋಗುವುದು ನಾನ್‌ರೆಸಿಡೆಂಟ್‌ಗಳ ರಿಟರ್ನ್ ಆದ 1040-ಎನ್‌ಆರ್‌ನ ಶೆಡ್ಯೂಲ್ ಎನ್‌ಇಸಿಗೆ, ನೇರ 30% ತೆರಿಗೆ, ಸೋಲಿನ ಒಂದು ಡಾಲರನ್ನೂ ಕಳೆಯುವಂತಿಲ್ಲ. ಭಾರತದ ಜೊತೆಗಿನ ತೆರಿಗೆ ಒಪ್ಪಂದದಲ್ಲೂ ಇದಕ್ಕೆ ವಿನಾಯಿತಿ ಇಲ್ಲ. ಬ್ಲ್ಯಾಕ್‌ಜ್ಯಾಕ್, ಬಕಾರಾ, ಕ್ರ್ಯಾಪ್ಸ್, ರೂಲೆಟ್, ಬಿಗ್-6 ವೀಲ್ ಈ ಐದು ಆಟಗಳ ಗೆಲುವಿಗೆ ಮಾತ್ರ ನಾನ್‌ರೆಸಿಡೆಂಟ್‌ಗಳಿಗೆ ತೆರಿಗೆ ಇಲ್ಲ. ಇವರಿಗೆ ಬರುವ ಚೀಟಿ ಡಬ್ಲ್ಯು-2ಜಿ ಅಲ್ಲ, 1042-ಎಸ್. ಕ್ಯಾಸಿನೊ ತಪ್ಪಿ ಡಬ್ಲ್ಯು-2ಜಿ ಕೊಟ್ಟಿದ್ದರೆ ಅಲ್ಲೇ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಬದಲಿಸಿಕೊಳ್ಳಿ.