ಗೋವಾದಲ್ಲಿ ಬ್ರೌನಿ ಬಿಡಿ, ಬೆಬಿಂಕಾ ಕೇಳಿ
ಗೋವಾದ ರೆಸಾರ್ಟ್‌ನಲ್ಲಿ ಊಟ ಮುಗಿದ ಮೇಲೆ ಸುಮ್ನೆ ಬ್ರೌನಿ ತರಿಸಬೇಡಿ, ಅದು ಬೆಂಗಳೂರಲ್ಲೂ ಸಿಗುತ್ತದೆ ಅಲ್ವಾ? ಬೆಬಿಂಕಾ ಕೇಳಿ, ಗೋವಾದ ಪದರ ಪದರದ ಸಿಹಿ. ತೆಂಗಿನ ಹಾಲು, ಮೊಟ್ಟೆಯ ಹಳದಿ, ಸಕ್ಕರೆ, ಮೈದಾ, ತುಪ್ಪ ಸೇರಿಸಿದ ಹಿಟ್ಟು. ಒಂದು ಪದರ ಬೆಂದ ಮೇಲೆ ಇನ್ನೊಂದು ಹುಯ್ಯುತ್ತಾರೆ. ಸಾಮಾನ್ಯವಾಗಿ 7 ಪದರ, ಅರ್ಧ ದಿನದ ಕೆಲಸ.

ಫ್ರಿಜ್‌ನಿಂದ ನೇರ ತಂದುಕೊಟ್ಟರೆ ತುಪ್ಪ ಗಟ್ಟಿಯಾಗಿ ಮೇಣದ ಹಾಗೆ ಅಂಗುಳಕ್ಕೆ ಅಂಟುತ್ತದೆ. ನನಗೆ ಮೊದಲ ಸಲ ಹಾಗೇ ಆಗಿತ್ತು. "ಸ್ವಲ್ಪ ಬಿಸಿ ಮಾಡಿ ಕೊಡಿ" ಅನ್ನಿ, ಪಕ್ಕಕ್ಕೆ ಒಂದು ಸ್ಕೂಪ್ ವೆನಿಲಾ. ಸಿಹಿ ಜಾಸ್ತಿ, ಒಂದು ತುಂಡು ಇಬ್ಬರಿಗೆ ಸಾಕು.

ಮೊಟ್ಟೆ ತಿನ್ನದವರಿಗೆ ದೋದೋಲ್ ಇದೆ. ಅಕ್ಕಿ ಹಿಟ್ಟು, ತೆಂಗಿನ ಹಾಲು, ಕಪ್ಪು ಬೆಲ್ಲ. ನಮ್ಮ ಹಾಲುಬಾಯಿಯ ಅಣ್ಣ ಅನ್ನಿ!